ಸಕ್ಕರೆ ನವಿಲಿನ ಕುತ್ತಿಗೆ

ಮೊಮ್ಮಕ್ಕಳೇ, ನೀವು ಕೇಕಿನ ಮೇಲೆ ಹೊದಿಸುವ ಸಕ್ಕರೆ ಹಾಳೆ, ಆ ಫಾಂಡೆಂಟನ್ನು, ನಾನು ಚಿಕ್ಕವಳಿದ್ದಾಗ ಕಂಡಿರಲಿಲ್ಲ, ಕೇಕನ್ನೇ ಕಂಡಿರಲಿಲ್ಲ. ಆದರೆ ಸಕ್ಕರೆಯ ಗುಣಾವಗುಣಗಳೆಲ್ಲ ಒಂಬತ್ತನೇ ವಯಸ್ಸಿಗೇ ನನಗೆ ಬಾಯಿಪಾಠ ಎಂದುಕೊಂಡಿದ್ದೆ. ಸಕ್ಕರೆ ಬೆವರುತ್ತದೆ, ಬಿರಿಯುತ್ತದೆ, ಅವಸರ ಮಾಡಿದರೆ ಅಂಟುತ್ತದೆ, ತಡ ಮಾಡಿದರೆ ಕಲ್ಲಾಗುತ್ತದೆ. ನೀವು ಮೊಬೈಲ್ ನೋಡಿ ಕಲಿಯುವುದನ್ನು ನಾನು ಅಪ್ಪನ ಬೈಗುಳ ತಿಂದು ಕಲಿತೆ. ಕಲಿತದ್ದು ಅರ್ಧ, ಕಲಿತೆನೆಂದುಕೊಂಡದ್ದು ಪೂರ್ತಿ. ಅರ್ಧ ಕಲಿತವರಿಂದಲೇ ಹೆಚ್ಚು ಹಾನಿ ಎಂದು ಶಾಲೆಯಲ್ಲಿ ಮಕ್ಕಳಿಗೆ ಮೂವತ್ತು ವರ್ಷ ಹೇಳಿದ್ದೇನೆ. ಅದು ಯಾರ ಅನುಭವ ಎಂದು ಮಾತ್ರ ಹೇಳಿರಲಿಲ್ಲ.

ನಮ್ಮ ಮನೆ ದೇವದುರ್ಗದಲ್ಲಿತ್ತು. ಅಪ್ಪ ವರ್ಷವಿಡೀ ಬೆಂಡು ಬತ್ತಾಸು ಮಾಡಿ ಮಾರುತ್ತಿದ್ದ. ದೀಪಾವಳಿ ಮುಗಿದದ್ದೇ ತಡ, ಅಟ್ಟದ ಮೇಲಿನ ಮರದ ಅಚ್ಚುಗಳು ಕೆಳಗಿಳಿಯುತ್ತಿದ್ದವು. ಗೌರಿ ಹುಣ್ಣಿಮೆಯ ಸಂಜೆ ನಮ್ಮ ಕಡೆಯ ಹೆಣ್ಣುಮಕ್ಕಳು ಸಕ್ಕರೆ ಗೊಂಬೆಗಳನ್ನು ತಟ್ಟೆಯಲ್ಲಿ ಜೋಡಿಸಿ, ದೀಪ ಹಚ್ಚಿ ಗೌರಿಗೆ ಬೆಳಗುತ್ತಾರೆ. ಅದಕ್ಕೂ ಆ ಗೊಂಬೆಗಳಿಗೂ ಸಕ್ಕರೆ ಆರತಿ ಎನ್ನುತ್ತಾರೆ. ಆನೆ, ಒಂಟೆ, ಬಸವಣ್ಣ, ಗೋಪುರ, ನವಿಲು, ನಮ್ಮ ಓಣಿಯ ಆರತಿಗಳೆಲ್ಲ ನಮ್ಮ ಅಡುಗೆಮನೆಯಲ್ಲೇ ಹುಟ್ಟುತ್ತಿದ್ದವು.

ಅಚ್ಚುಗಳನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕುವುದು ನನ್ನ ಕೆಲಸ. ಒಣ ಮರಕ್ಕೆ ಪಾಕ ಸುರಿದರೆ ಗೊಂಬೆ ಬಿಟ್ಟುಬರುವುದಿಲ್ಲ. ಎರಡು ಹೋಳು ಕೂಡಿಸಿ ಹುರಿಯಿಂದ ಬಿಗಿಯಾಗಿ ಕಟ್ಟುವುದು ಅಕ್ಕನ ಕೆಲಸ. ಅವ್ವ ಒಲೆಯ ಮುಂದೆ ಕೂತು ಸಕ್ಕರೆ ಕುದಿಸಿ, ಹಾಲು ಚಿಮುಕಿಸಿ, ಮೇಲೆ ಬಂದ ಕೊಳೆಯನ್ನು ತೆಗೆಯುತ್ತಿದ್ದಳು. ಆಮೇಲೆ ಅಪ್ಪ ಪಾಕವನ್ನು ಸೌಟಿನ ಬೆನ್ನಿಂದ ಪಾತ್ರೆಯ ಅಂಚಿಗೆ ತಿಕ್ಕಿ ತಿಕ್ಕಿ, ಅದು ಹಾಲಿನಂತೆ ಬೆಳ್ಳಗಾಗುವ ಗಳಿಗೆಗೆ ಕಾದು, ಒಂದೇ ಉಸಿರಿಗೆ ಅಚ್ಚಿಗೆ ಸುರಿಯುತ್ತಿದ್ದ. ಆ ಗಳಿಗೆಯಲ್ಲಿ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಬಿಸಿ ಸಕ್ಕರೆ ಮತ್ತು ನೆಂದ ಮರ ಎರಡೂ ಕೂಡಿದ ಆ ವಾಸನೆ ಈಗಲೂ ನನ್ನ ಮೂಗಿಗೆ ಬರುತ್ತದೆ. ಹುರಿ ಬಿಚ್ಚಿ ಅಚ್ಚು ತೆರೆದರೆ ಒಳಗೆ ಬಿಳಿ ಒಂಟೆ ಬೆಚ್ಚಗೆ ನಿಂತಿರುತ್ತಿತ್ತು.

ನಿಮ್ಮ ಫಾಂಡೆಂಟಿಗೆ ಬರುವ ರೋಗಗಳೆಲ್ಲ ನಮ್ಮ ಗೊಂಬೆಗಳಿಗೂ ಬರುತ್ತಿದ್ದವು. ಗಾಳಿಯಲ್ಲಿ ತೇವ ಇದ್ದರೆ ಮೈಯೆಲ್ಲ ಬೆವರು. ಅಂಥ ಗೊಂಬೆಯನ್ನು ಅಪ್ಪ ಒರೆಸುತ್ತಿರಲಿಲ್ಲ, ಗಾಳಿಯಾಡುವ ಕಡೆ ಇಟ್ಟು ಸುಮ್ಮನೆ ಬಿಡುತ್ತಿದ್ದ. ಬಿರುಕು ಬಿಟ್ಟರೆ ದಪ್ಪ ಪಾಕದ ಒಂದು ಹನಿಯನ್ನು ಕಡ್ಡಿಯ ತುದಿಯಲ್ಲಿ ಹಿಡಿದು ಬಿರುಕಿಗೆ ತುಂಬುತ್ತಿದ್ದ. ಹಾಗೆ ತೇಪೆ ಹಚ್ಚಿದ್ದು ಮಕ್ಕಳಿಗೆ ತಿನ್ನಲು ಮಾತ್ರ. ಒಡೆದ ಆರತಿ ಎತ್ತಬಾರದು ಎಂಬುದನ್ನು ಊರೆಲ್ಲ ನಂಬಿತ್ತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಏಳನೇ ತರಗತಿ ಪಾಸಾದ ಮೇಲೆ ಅವಳನ್ನು ಶಾಲೆ ಬಿಡಿಸಿದ್ದರು. ಆ ವರ್ಷ ಅವಳಿಗೆ ಮಾನ್ವಿಯ ಒಬ್ಬ ಶಾಲಾ ಮಾಸ್ತರರೊಂದಿಗೆ ಮದುವೆ ನಿಶ್ಚಯವಾಗಿತ್ತು. ನೋಡಲು ಬಂದ ದಿನ ಉಳಿದವರೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದರೆ, ಅವರು ಮಾತ್ರ ಎಷ್ಟನೇ ತರಗತಿಗೆ ಓದು ನಿಂತಿತು ಎಂದು ಕೇಳಿದರು. ಮದುವೆಯ ನಂತರ ಮುಂದೆ ಓದಿಸಿ ಪರೀಕ್ಷೆಗೆ ಕೂಡಿಸುತ್ತೇನೆ ಎಂದೂ ಹೇಳಿದರು. ಅಂದಿನಿಂದ ಅಕ್ಕ ಟ್ರಂಕಿನ ತಳದಲ್ಲಿದ್ದ ಪುಸ್ತಕಗಳನ್ನು ತೆಗೆದು, ಬಿಸಿಲಿಗೆ ಹಾಕಿ, ಒಂದೊಂದಕ್ಕೂ ರಟ್ಟು ಹಾಕಿಕೊಂಡಳು. ಅಚ್ಚಿಗೆ ಹುರಿ ಕಟ್ಟುತ್ತ ಪದ್ಯ ಹೇಳಿಕೊಳ್ಳುತ್ತಿದ್ದಳು. ಅಷ್ಟು ಸಂತೋಷವಾಗಿದ್ದ ಅಕ್ಕನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ನಿಶ್ಚಯವಾದ ಹುಡುಗಿಗೆ ಸಕ್ಕರೆ ಆರತಿ ಬೀಗರ ಮನೆಯಿಂದಲೇ ಬರಬೇಕು. ಊರಿಗೆಲ್ಲ ಆರತಿ ಎರೆದು ಕೊಡುವ ಅಪ್ಪ ಸ್ವಂತ ಮಗಳಿಗೆ ಒಂದು ಗುಬ್ಬಿಯನ್ನೂ ಮಾಡುವಂತಿರಲಿಲ್ಲ. ಬೀಗರು ತಂದದ್ದನ್ನು ಹುಡುಗಿ ಎತ್ತುವವರೆಗೆ ನಮ್ಮ ಮನೆಯವರು ಯಾರೂ ಮುಟ್ಟುವಂತೆಯೂ ಇರಲಿಲ್ಲ.

ಹುಣ್ಣಿಮೆಯ ದಿನ ಬೆಳಗಿನ ಬಸ್ಸಿಗೆ ಮಾನ್ವಿಯಿಂದ ಹುಡುಗನ ತಾಯಿ, ಅಂದರೆ ಬೀಗತಿ, ಇಬ್ಬರು ಹೆಂಗಸರೊಂದಿಗೆ ಬಂದರು. ಹಸಿರು ಸೀರೆ, ಹೂವು, ಕಾಗದದಲ್ಲಿ ಸುತ್ತಿದ ಐದು ಗೊಂಬೆ ತಂದಿದ್ದರು. ರಾಯಚೂರಿನ ಪೇಟೆಯಲ್ಲಿ ಆರಿಸಿ ಕೊಂಡದ್ದಂತೆ. ನಡುವಿನದು ಎದುರುಬದುರು ನಿಂತ ಜೋಡಿ ನವಿಲು, ತಿಳಿ ಗುಲಾಬಿ ಬಣ್ಣದ್ದು. ಅಪ್ಪ ದೂರದಿಂದಲೇ ಬಾಗಿ ನೋಡಿ, ಪಾಕ ಬಹಳ ಚೆನ್ನಾಗಿ ಬಂದಿದೆ ಎಂದು ಮನಸಾರೆ ಹೊಗಳಿದ. ಬೀಗತಿಯ ಮುಖ ಅರಳಿತು. ತಟ್ಟೆಯನ್ನು ದೇವರ ಮುಂದಿಟ್ಟು, ಊಟ ಮುಗಿಸಿ, ಸಂಜೆ ಬಂದು ಆರತಿ ಎತ್ತಿಸುತ್ತೇವೆಂದು ಅವರು ಪಕ್ಕದ ಓಣಿಯ ನೆಂಟರ ಮನೆಗೆ ಹೋದರು.

ಎರಡು ದಿನದಿಂದ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದಿತ್ತು. ನಮ್ಮ ಕಡೆ ಆ ತಿಂಗಳಲ್ಲಿ ಬರುವ ಮಳೆ ಅಲ್ಲ ಅದು. ಮಧ್ಯಾಹ್ನ ಅಪ್ಪ ಆರತಿ ಮಾರಲು ಪೇಟೆಗೆ ಹೋಗಿದ್ದ. ಅವ್ವ ಹಿತ್ತಲ ಚಪ್ಪರದಡಿ ಹೂರಣ ರುಬ್ಬುತ್ತಿದ್ದಳು. ಅಕ್ಕ ಹೆರಳು ಹಾಕಿಸಿಕೊಳ್ಳಲು ಪಕ್ಕದ ಮನೆಗೆ ಹೋಗಿದ್ದಳು. ನಾನು ನವಿಲುಗಳನ್ನು ನೋಡಲೆಂದು ದೇವರ ಮುಂದೆ ಹೋಗಿ ಕೂತೆ. ಮುಟ್ಟಬಾರದು, ನೋಡಬಹುದಲ್ಲ.

ಹತ್ತಿರದಿಂದ ನೋಡಿದರೆ ನವಿಲುಗಳ ಬೆನ್ನಿನ ಮೇಲೆ ಸಣ್ಣ ಸಣ್ಣ ಹನಿಗಳು. ಸಂಜೆಯ ಹೊತ್ತಿಗೆ ಬಣ್ಣ ಇಳಿದು, ಗರಿ ಕರಗಿ, ಅಕ್ಕನ ಆರತಿ ಹಾಳಾಗುತ್ತದೆ ಎಂದುಕೊಂಡೆ. ಅವ್ವನನ್ನು ಕರೆಯಬಹುದಿತ್ತು. ಆದರೆ ನಾನು ಆರತಿ ಮಾಡುವವರ ಮಗಳು. ನನಗೆ ಗೊತ್ತಿಲ್ಲದ್ದು ಏನಿದೆ? ಗಾಳಿಯಲ್ಲೇ ತೇವ ಇದೆ, ಒದ್ದೆ ಬಟ್ಟೆ ಒಲೆಯ ಹತ್ತಿರ ಒಣಗುತ್ತದೆ, ಸಕ್ಕರೆಯೂ ಒಣಗಲಿ ಎಂದು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಒಲೆಯ ಪಕ್ಕ ಇಟ್ಟೆ. ಅಕ್ಕನಿಗೆ ಒಳ್ಳೆಯದಾಗಲಿ ಎಂದೇ ಇಟ್ಟೆ. ಇದನ್ನು ನೀವು ನಂಬಬೇಕು.

ಕೆಂಡದ ಕಾವು ಒಂದೇ ಮಗ್ಗುಲಿಗೆ ತಾಗಿತು. ಟಿಕ್ ಎಂದು ಸಣ್ಣ ಸದ್ದಾಯಿತು. ಎಡಗಡೆಯ ನವಿಲಿನ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಆಗಲಾದರೂ ಬಿಟ್ಟುಬಿಡಬೇಕಿತ್ತು. ನಾನು ಪಾತ್ರೆಯ ತಳಕ್ಕೆ ಅಂಟಿ ಉಳಿದಿದ್ದ ಪಾಕಕ್ಕೆ ನೀರು ಬಿಟ್ಟು ಬಿಸಿ ಮಾಡಿ, ಅಪ್ಪನಂತೆಯೇ ಕಡ್ಡಿಯಿಂದ ಬಿರುಕಿಗೆ ಹಚ್ಚಿದೆ. ದಪ್ಪ ಪಾಕ ಸಕ್ಕರೆಯನ್ನು ಕೂಡಿಸುತ್ತದೆ, ತೆಳು ಪಾಕ ಕರಗಿಸುತ್ತದೆ. ಆ ಅರ್ಧ ನನಗೆ ಗೊತ್ತಿರಲಿಲ್ಲ. ಬಿರುಕು ಕಾಣದಾಯಿತು. ತಟ್ಟೆಯನ್ನು ಒಯ್ದು ಮೊದಲಿದ್ದ ಜಾಗದಲ್ಲೇ ಇಟ್ಟು ಓಣಿಗೆ ಓಡಿದೆ.

ಸಂಜೆ ಅಕ್ಕ ಹಸಿರು ಸೀರೆ ಉಟ್ಟು ನಿಂತಾಗ ನೋಡಿದವರ ದೃಷ್ಟಿ ತಾಗುವಂತಿದ್ದಳು. ಓಣಿಯ ಹೆಂಗಸರೆಲ್ಲ ಸೇರಿದ್ದರು. ಬೀಗತಿ ದೀಪ ಹಚ್ಚಿ ತಟ್ಟೆಯನ್ನು ಅವಳ ಕೈಗೆ ಕೊಟ್ಟರು. ಅಕ್ಕ ತಟ್ಟೆಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. ನವಿಲಿನ ತಲೆ ಮೆತ್ತಗೆ ವಾಲಿ, ಕಳಚಿ, ದೀಪದ ಎಣ್ಣೆಯಲ್ಲಿ ಬಿತ್ತು. ಹಾಡು ಹೇಳುತ್ತಿದ್ದವರು ಅಪಶಕುನ ಎಂದು ಪಿಸುಗುಟ್ಟಿದರು.

ಬೀಗತಿ ಕೆಟ್ಟವರಲ್ಲ. ಸಕ್ಕರೆ ತಾನೇ, ಮಳೆಗೆ ಹೀಗಾಗಿದೆ, ಅಪಶಕುನ ಎಂದೆಲ್ಲ ಅನ್ನಬೇಡಿ ಎಂದು ಅವರೇ ಉಳಿದವರಿಗೆ ಹೇಳಿದರು. ಹೇಳುತ್ತಲೇ ನವಿಲನ್ನು ಎತ್ತಿದರು. ಅವರ ಬೆರಳಿಗೆ ಹಸಿ ಪಾಕ ಅಂಟಿತು.

“ಇದನ್ನ ಯಾರು ಮುಟ್ಟ್ಯಾರ?” ಎಂದು ಕೇಳಿದರು.

ಪೇಟೆಯಿಂದ ಮರಳಿದ್ದ ಅಪ್ಪ ಮುಂದೆ ಬಂದು ಆ ಕುತ್ತಿಗೆಯನ್ನು ನೋಡಿದ. ಅಂಥ ತೇಪೆ ಹಚ್ಚುವವರು ಊರಲ್ಲಿ ನಮ್ಮ ಮನೆ ಬಿಟ್ಟರೆ ಬೇರೆ ಇರಲಿಲ್ಲ. ಆಮೇಲೆ ನನ್ನ ಕಡೆ ನೋಡಿದ. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಅವನು ಎಷ್ಟು ಹೊತ್ತು ಕಾದನೋ ಗೊತ್ತಿಲ್ಲ, ನನಗೆ ಬಹಳ ಹೊತ್ತು ಅನ್ನಿಸಿತು. ನಾನು ಬಾಯಿ ಬಿಡಲಿಲ್ಲ.

“ನಾನ ಮುಟ್ಟೀನ್ರಿ ಯವ್ವಾ,” ಎಂದ ಅಪ್ಪ. “ಬೆವತಿತ್ತು, ಒಣಗಸಾಕ ಇಟ್ಟಿದ್ದೆ.”

ಬೀಗತಿಯ ಮುಖ ಬಾಡಿತು. ಅಪಶಕುನವನ್ನು ನಂಬದಿದ್ದ ಅವರಿಗೆ ಇದು ನಾಟಿತು. ಬೆಳಿಗ್ಗೆ ಹೊಗಳಿದ್ದೆಲ್ಲ ಮೇಲುಮಾತು, ಬೇರೆಯವರ ಕೈಯ ಆರತಿ ಇವನಿಗೆ ಸಹಿಸಲಾಗಲಿಲ್ಲ ಎಂದುಕೊಂಡರು. “ನಮ್ಮ ಆರತಿ ನಿಮ್ಮ ಕಣ್ಣಿಗಿ ಬರಲಿಲ್ಲ ಅನ್ರಿ. ಮಾಡೋರ ಮನಿಗಿ ತಂದದ್ದು ನಮ್ಮ ತಪ್ಪಾತು,” ಎಂದಷ್ಟೇ ಹೇಳಿ, ನೀರನ್ನೂ ಕುಡಿಯದೆ ಹೊರಟರು. ಒಂಬತ್ತು ವರ್ಷದ ಹುಡುಗಿ ಮಾಡಿದ್ದು ಎಂದು ತಿಳಿದಿದ್ದರೆ ನಕ್ಕು ನನ್ನ ಕೆನ್ನೆ ಹಿಂಡುತ್ತಿದ್ದರು. ಈಗ ನನಗೆ ಅದು ಹಗಲಿನಷ್ಟು ಸ್ಪಷ್ಟ. ಆಗ ಏಟಿನ ಭಯವೊಂದೇ ಕಾಣುತ್ತಿತ್ತು.

ಎಂಟು ದಿನ ಕಳೆದ ಮೇಲೆ ಮಾನ್ವಿಯಿಂದ ಹೇಳಿಕಳಿಸಿದರು, ಈ ಸಂಬಂಧ ಬೇಡ ಎಂದು. ಅಪ್ಪ ಅಲ್ಲಿಗೆ ಹೋಗಿ, ಕೈಮುಗಿದು, ಬರಿಗೈಯಲ್ಲಿ ಮರಳಿದ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮರುವರ್ಷ ಅಕ್ಕನನ್ನು ಕುರ್ಡಿ ಎಂಬ ಹಳ್ಳಿಯ ಒಕ್ಕಲುತನದ ಮನೆಗೆ ಕೊಟ್ಟರು. ಗಂಡ ಒಳ್ಳೆಯವನೇ, ಮನೆಯೂ ಉಂಡುಡುವ ಮನೆಯೇ. ಆದರೆ ನಾಟಿ, ಕಳೆ, ದನಕರು ಎಂದು ಬೆಳಗಿನಿಂದ ದುಡಿಯುವ ಆ ಮನೆಯಲ್ಲಿ ಪುಸ್ತಕಕ್ಕೆ ಜಾಗವಿರಲಿಲ್ಲ. ಹೋಗುವಾಗ ರಟ್ಟು ಹಾಕಿದ್ದ ಪುಸ್ತಕಗಳನ್ನೆಲ್ಲ ನನ್ನ ಮುಂದಿಟ್ಟು, ಚೆನ್ನಾಗಿ ಓದು ಎಂದಳು. ನಾನು ಓದಿದೆ. ಟೀಚರಾದೆ. ಅವಳ ಪಾಲಿನದನ್ನು ತಿಂದು ಬೆಳೆದೆ ಎನ್ನುವುದೇ ಸರಿ.

ಹೇಳಬೇಕು, ಹೇಳಬೇಕು ಎಂದು ವರ್ಷಗಳು ಉರುಳಿದವು. ಕೊನೆಗೆ ಅಕ್ಕನಿಗೆ ಕಾಯಿಲೆಯಾಗಿ, ರಾಯಚೂರಿನ ನಮ್ಮ ಮನೆಗೆ ಕರೆತಂದು ಇಟ್ಟುಕೊಂಡಿದ್ದಾಗ, ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತ ಹೇಳಿಬಿಟ್ಟೆ. ಮುಖ ಕಾಣದಂತೆ ಹಿಂದೆ ಕೂತು ಹೇಳಿದೆ, ಅಷ್ಟು ಹೇಡಿ ನಾನು.

“ನನಗ ಗೊತ್ತಿತ್ತು ಬಿಡವ್ವಾ,” ಎಂದಳು ಅಕ್ಕ. “ಅವತ್ತ ರಾತ್ರಿ ಉಣ್ಣಾಕ ಕುಂದ್ರಸುವಾಗ ನಿನ್ನ ಕೈ ತೊಳದಾಕಿ ನಾನ. ಬೆರಳಿಗಿ ಪಾಕ ಅಂಟಿತ್ತು.”

ಹಾಗಾದರೆ ನೀನೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಸಣ್ಣಾಕಿ ಇದ್ದಿ. ನೀನ ಹೇಳ್ತಿ ಅಂತ ದಾರಿ ನೋಡಿದೆ. ಎಂಟೂ ದಿನ ನೋಡಿದೆ.”

ಬಾಚಿದ್ದು ಸಾಕು, ಹೆರಳು ಹಾಕು ಎಂದಳು. ತಿಂಗಳು ತುಂಬುವುದರೊಳಗೆ ಹೋಗಿಬಿಟ್ಟಳು.

ಈಗ ನಿಮ್ಮ ಕಾಲಕ್ಕೆ ಬರೋಣ. ಹೋದ ವಾರ ನಿಮ್ಮಲ್ಲಿ ದೊಡ್ಡವಳು ತಮ್ಮನ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಕೇಕ್ ಮಾಡಿದಳು. ನಮ್ಮ ರಾಯಚೂರಿನ ಬಿಸಿಲಿಗೆ ಫಾಂಡೆಂಟ್ ಸಡಿಲವಾಗುತ್ತದೆಂದು ಫ್ರಿಜ್ಜಿನಲ್ಲಿಟ್ಟಳು. ಹೊರಗೆ ತೆಗೆದದ್ದೇ ಅದು ಬೆವರಿತು. ಮೊಬೈಲ್ ನೋಡಿ ಫ್ಯಾನಿನ ಕೆಳಗಿಟ್ಟು, ಯಾರೂ ಮುಟ್ಟಬೇಡಿ ಎಂದು ಹೇಳಿ ಹೋದಳು. ಬಂದು ನೋಡಿದರೆ ನೀಲಿ ಫಾಂಡೆಂಟಿನ ಮೇಲೆ ಹೆಬ್ಬೆರಳಿನಷ್ಟು ಕುಳಿ, ಅದರ ಸುತ್ತ ಬಿರುಕು. ಅವಳು ಯಾರು ಎಂದು ಕೇಳುವ ಮೊದಲೇ ಚಿಕ್ಕವನು ಬೆರಳು ನೆಕ್ಕುತ್ತ, “ಅಕ್ಕಾ, ನಾನ ಮುಟ್ಟೀನಿ,” ಎಂದ. ಅವಳು ಅವನ ತಲೆಗೊಂದು ಮೊಟಕಿ, ಬಿರುಕಿಗೆ ಚೂರು ತುಪ್ಪ ಸವರಿ, ಕುಳಿಯ ಮೇಲೊಂದು ಸಕ್ಕರೆ ಹೂವು ಅಂಟಿಸಿದಳು. ಎಲ್ಲರೂ ನಕ್ಕಿರಿ. ಐದು ನಿಮಿಷದಲ್ಲಿ ಕೇಕ್ ಕತ್ತರಿಸಿದ್ದೂ ಆಯಿತು.

ಅಜ್ಜಿ ಕೇಕ್ ತಿನ್ನದೆ ಎದ್ದು ಒಳಗೆ ಯಾಕೆ ಹೋದಳು ಎಂದು ಆಮೇಲೆ ಕೇಳಿದಿರಿ. ಸಕ್ಕರೆ ಕಾಯಿಲೆ ಎಂದೆ. ಅದು ಸುಳ್ಳು. ನಮ್ಮ ಕಾಲದಲ್ಲಿ ಹಿರಿಯರ ಮುಂದೆ ಮಕ್ಕಳು ಬಾಯಿ ಬಿಡುತ್ತಿರಲಿಲ್ಲ, ಅದನ್ನು ಒಳ್ಳೆಯ ಗುಣ ಎಂದು ಹೊಗಳುತ್ತಿದ್ದರು. ನಿಮ್ಮ ಮನೆಯಲ್ಲಿ ಆರು ವರ್ಷದವನು ಬೆರಳು ನೆಕ್ಕುತ್ತ ಹೇಳಿದ ಆ ಎರಡು ಮಾತನ್ನು ಹೇಳಲು ನನಗೆ ಐವತ್ತು ವರ್ಷ ಹಿಡಿಯಿತು. ಅಕ್ಕನಿಗೆ ಅದು ಬೇಕಾಗಿದ್ದುದು ಆ ಎಂಟು ದಿನದೊಳಗೆ.