ಗೇಟಿನಾಚೆ ನಿಂತ ಬೈಕುಗಳು

ಕೋವಿಡ್ ಅಬ್ಬರ ತಣ್ಣಗಾದ ಮರುವರ್ಷ ನಾನು ಸಿಂದಗಿ ಸೀಮೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸರ್ಜನ್ ಆಗಿದ್ದೆ. ಆಗಷ್ಟೇ ದೊಡ್ಡ ನಗರವೊಂದರಲ್ಲಿ ತರಬೇತಿ ಮುಗಿಸಿ ಬಂದಿದ್ದೆ. ಇರಿತಕ್ಕೊಳಗಾದ ಹುಡುಗರಿಗೆ ಅಲ್ಲಿ ಬರೀ ಹೊಲಿಗೆ ಹಾಕಿ ಕಳಿಸುವುದಿಲ್ಲ. ಗೆಳೆಯರು ಸೇಡಿಗೆ ಹೊರಡುವ ಮೊದಲೇ, ಅವರು ಮಾತು ಕೇಳುವಂಥ ಒಬ್ಬರನ್ನು ಹಾಸಿಗೆಯ ಪಕ್ಕಕ್ಕೆ ಕರೆಸುತ್ತಾರೆ. ನಮ್ಮಲ್ಲಿ ಅಂಥವರನ್ನು ಎಲ್ಲಿಂದ ತರಲಿ ಎಂದು ವಾಪಸು ಬರುವ ಬಸ್ಸಿನಲ್ಲೇ ಚಿಂತೆ ಶುರುಮಾಡಿದ್ದೆ. ಚಿಂತಿಸಲು ನನಗೆ ತರಬೇತಿ ಬೇಕಿಲ್ಲ.

ಒಂದು ಮಧ್ಯಾಹ್ನ ಮಲ್ಲುವನ್ನು ಕರೆತಂದರು. ಇಪ್ಪತ್ತರ ಆಸುಪಾಸಿನ ಗರಡಿ ಪೈಲ್ವಾನ. ಅವನ ಹುಟ್ಟುಹಬ್ಬಕ್ಕೆ ಗೆಳೆಯರು ಆಲಮೇಲ ರಸ್ತೆಯಲ್ಲಿ ಕಟ್ಟಿದ್ದ ಫ್ಲೆಕ್ಸನ್ನು ಅದೇ ಗರಡಿಯ ಸಂಗು ಹರಿದಿದ್ದ. ಮಾತಿಗೆ ಮಾತು ಬೆಳೆದು ಚಾಕು ಹಾಕಿ ಓಡಿದ್ದ. ಪುಣ್ಯಕ್ಕೆ ಕರುಳಿಗೆ ತಾಗಿರಲಿಲ್ಲ. ಹೊಲಿದೆ, ಪೊಲೀಸರಿಗೆ ತಿಳಿಸಿದೆ. ಗೇಟಿನಾಚೆ ಮಲ್ಲುವಿನ ಗೆಳೆಯರ ಬೈಕುಗಳು ನಿಂತಿದ್ದವು. ಒಂದರ ಇಂಜಿನ್ನೂ ಆರಿರಲಿಲ್ಲ.

“ಎಲ್ಲಿಗೆ ಹೊಂಟೀರೋ?” ಎಂದೆ.

“ಸಂಗ್ಯಾ ಅವರ ಮಾಮಾನ ಹೊಲದಾಗ ಅದಾನ್ರಿ. ಇನ್ನೊಂದು ಬೆಡ್ ಖಾಲಿ ಮಾಡಿಡ್ರಿ ಸಾಹೇಬ್ರ!”

ಎಲ್ಲರೂ ನಕ್ಕರು. ನಾನೂ ನಕ್ಕೆ, ಹೆದರಿಕೆಗೆ. ಪೊಲೀಸರಿಗೆ ಮತ್ತೆ ಫೋನ್ ಮಾಡಿ ಹೊಲದ ವಿಷಯ ಹೇಳಿ ಒಳಗೋಡಿದೆ. ಆ ಹುಡುಗರು ಮಾತು ಕೇಳುವವನು ಒಬ್ಬನೇ, ಹಾಸಿಗೆಯಲ್ಲಿ ಮಲಗಿದ್ದವನು.

“ನಿನ್ನ ಗೆಳೆಯರನ್ನ ನಿಲ್ಲಸೋ ತಮ್ಮಾ.”

“ಯಾಕ ನಿಲ್ಲಸ್ಲಿ ರೀ? ಚಾಕು ಹಾಕಿದ್ದು ನಿಮಗಲ್ಲ, ನನಗ.”

ತರಬೇತಿಯಲ್ಲಿ ಕಲಿತ ಉತ್ತರವೆಲ್ಲ ಮರೆತುಹೋಯಿತು. ಕುಸ್ತಿಯಲ್ಲಿ ಜಜ್ಜಿ ಮುದುಡಿದ ಅವನ ಕಿವಿಯತ್ತ ನೋಡುತ್ತ ಕೇಳಿದೆ: “ವಸ್ತಾದರು ನಿನಗ ಜೋಡಿ ಕಟ್ಟಿದ ಮ್ಯಾಲ, ಆ ಕುಸ್ತಿ ಬ್ಯಾರೆಯವರು ಹಿಡಿತಾರೇನು?”

ನಮ್ಮ ಕಡೆ ಗುರುಗಳಾದ ವಸ್ತಾದರು ಜೋಡಿಯನ್ನು, ಎಂದರೆ ಎದುರಾಳಿಯನ್ನು, ಗೊತ್ತುಮಾಡಿದರೆ ನಡುವೆ ಮತ್ತೊಬ್ಬ ಕೈಹಾಕುವಂತಿಲ್ಲ. ಮಲ್ಲು ಗೆಳೆಯರನ್ನು ಕರೆಸಿದ.

“ಸಂಗ್ಯಾ ನನ್ನ ಜೋಡಿ. ನಡುವ ಬಂದವ್ರು ಮತ್ತ ಗರಡಿ ಮೆಟ್ಟಬ್ಯಾಡ್ರಿ.”

“ಲೇ ಮಲ್ಲ್ಯಾ...”

“ಹೇಳಿದ್ನಲ್ಲ. ಗಾಡಿ ಬಂದ್ ಮಾಡ್ರಿ.”

ಒಂದೊಂದಾಗಿ ಇಂಜಿನ್ನುಗಳು ಆರಿದವು. ಸಂಜೆಯೊಳಗೆ ಪೊಲೀಸರು ಸಂಗುವನ್ನು ಹಿಡಿದರು.

ಆದರೆ ಮಲ್ಲು ಕ್ಷಮಿಸಿರಲಿಲ್ಲ, ಮುಂದಕ್ಕೆ ಹಾಕಿದ್ದ ಅಷ್ಟೇ. ಗಾಯ ತೋರಿಸಲು ಬಂದಾಗಲೆಲ್ಲ “ಯಾವಾಗ ಕುಸ್ತಿ ಹಿಡೀಲಿ ರೀ?” ಎನ್ನುತ್ತಿದ್ದ. ನಾನು ತಿಂಗಳುಗಳನ್ನು ಧಾರಾಳವಾಗಿ ಕೊಡುತ್ತ ಹೋದೆ. ಸಂಗುವಿಗೆ ಜಾಮೀನು ಸಿಕ್ಕಿತೆಂದು ಕೇಳಿದ ದಿನದಿಂದ ನನಗೆ ನಿದ್ದೆ ಇರಲಿಲ್ಲ.

ಕೊನೆಯ ಸಲ ಬಂದಾಗ ಮಲ್ಲು ಏನೂ ಕೇಳಲಿಲ್ಲ. ನಾನೇ ಕೆದಕಿದೆ.

“ಸಂಗ್ಯಾ ಗರಡಿಗೆ ಬಂದಿದ್ದ ರೀ. ಗಾಯ ತೋರ್ಸು ಅಂದ. ಅಂಗಿ ಎತ್ತಿದೆ. ನೋಡಿ ತಲಿ ತಗ್ಗಿಸಿದ.”

“ಆಮ್ಯಾಲ?”

“ಆಮ್ಯಾಲ ಏನ್ರಿ, ಇಬ್ರೂ ಕೂಡಿ ಕುಸ್ತಿ ಕಣದ ಮಣ್ಣ ಅಗದ್ವಿ.”

ಒಂದೇ ಗರಡಿಯವರು ಕೂಡಿ ಮಾಡುವ ಕೆಲಸ ಅದು, ಸೇಡಿನ ಮಾತು ಅಲ್ಲಿಗೇ ನಿಂತಿತು. ಕೋರ್ಟಿನ ಕೇಸು ನಡೆದೇ ಇದೆ. ಸಿಟ್ಟಿಗೆ ಔಷಧ ನನ್ನ ಬಳಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಅದು ಆರುವ ತನಕ ಕಾಯಲು ಒಂದು ನೆಪ ಬೇಕು, ಆ ನೆಪ ಹುಡುಗರು ಮೊದಲಿನಿಂದ ಗೌರವಿಸುವ ನಿಯಮದೊಳಗೇ ಸಿಗಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಗೇಟಿನ ಬಳಿ ಬೈಕುಗಳು ಒಟ್ಟಿಗೆ ಗುರುಗುಟ್ಟಿದರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಹೋಗುತ್ತೇನೆ, ಸದ್ದು ನಿಲ್ಲುವವರೆಗೂ ಅಲ್ಲೇ ನಿಂತಿರುತ್ತೇನೆ.