ಏಕವಚನದ ಗೆಳೆಯ

ಮುಂಬೈಗೆ ಬಂದ ಮೊದಲ ವರ್ಷವೇ ನಾನು ಗೌರವಸ್ಥನಾಗಿಬಿಟ್ಟೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಜವಳಿ ವ್ಯಾಪಾರಿಯೊಬ್ಬರ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಸೇಠ್‌ಜಿ ಬೈಯುವಾಗಲೂ ‘ಆಪ್’ ಎಂದೇ ಬೈಯುತ್ತಿದ್ದರು. ಕುರ್ಲಾದ ಚಾಳಿನಲ್ಲಿ ಪಕ್ಕದ ಖೋಲಿಯ ಮರಾಠಿ ಹೆಂಗಸು ನಲ್ಲಿಯಲ್ಲಿ ನೀರು ಬಂತೆಂದು ತಿಳಿಸಲೂ ‘ಅಹೋ’ ಎಂದು ಕೂಗುತ್ತಿದ್ದಳು. ಒಂದಿಷ್ಟು ಕನ್ನಡ ಕಿವಿಗೆ ಬೀಳಲಿ ಎಂದು ಭಾನುವಾರ ಲೋಕಲ್ ಹಿಡಿದು ಗ್ರಾಂಟ್ ರೋಡಿನ ಉಡುಪಿ ಹೋಟೆಲಿಗೆ ಹೋದರೆ, ಗಲ್ಲಾದಲ್ಲಿ ಕುಳಿತವರು, “ಎಂತ ಮಾರಾಯ್ರೆ, ಹೋದ ವಾರ ಕಾಣ್ಲೇ ಇಲ್ಲ?” ಎನ್ನುವರು. ಮಾತು ಒಳ್ಳೆಯದೇ, ಕಾಫಿಯೂ ಒಳ್ಳೆಯದೇ. ಆದರೆ ಅಷ್ಟು ದೊಡ್ಡ ಊರಿನಲ್ಲಿ ನನ್ನನ್ನು ‘ಲೇ’ ಎನ್ನುವವರು ಒಬ್ಬರೂ ಇರಲಿಲ್ಲ.

ಬೆಳಗಾವಿಯಲ್ಲಿ ಒಬ್ಬನಿದ್ದ. ನಮ್ಮ ಓಣಿಯಲ್ಲಿ ಎದುರು ಮನೆಯವನು. ನನ್ನ ಹೆಸರು ಅವನ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಕಟ್ಟೆಯ ಮೇಲೆ ನಿಂತು ‘ಲೇ ಮಂಗ್ಯಾ’ ಎಂದು ಒದರಿದರೆ ನಮ್ಮ ಅಡುಗೆಮನೆಯ ತನಕ ಕೇಳಬೇಕು. ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದೆ. ಅವ್ವ ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದಳು.

ಮಿಲಿಟರಿ ಭರ್ತಿಗೂ ಇಬ್ಬರೂ ಕೂಡಿಯೇ ಹೋದೆವು. ಅವನನ್ನು ತೆಗೆದುಕೊಂಡರು. ನನ್ನ ಎದೆ ಅವರಿಗೆ ಬೇಕಾದಷ್ಟು ಉಬ್ಬಲಿಲ್ಲ.

“ಲೇ ಮಂಗ್ಯಾ, ನಿನ್ನ ಎದಿ ನೋಡಿ ಡಾಕ್ಟರನ ಹೆದರ್ಯಾನ. ಇವ ಗುಂಡಿಗೆ ಸಾಯಾಂವಲ್ಲ, ಗಾಳಿಗೆ ಹಾರಿ ಹೋಗಾಂವ ಅಂದ,” ಎಂದು ದಾರಿಯುದ್ದಕ್ಕೂ ನಕ್ಕ. ನನಗೆ ಸಿಟ್ಟು ಬಂದಿತ್ತು. ಮನೆ ಮುಟ್ಟುವ ತನಕ ಅವನೊಡನೆ ಮಾತಾಡಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕಾಶ್ಮೀರದಲ್ಲಿ ನಡೆದ ಯುದ್ಧದಲ್ಲಿ ಅವನು ಸತ್ತ. ಆಗ ನಾನು ಮುಂಬೈಯಲ್ಲಿದ್ದೆ. ಸುದ್ದಿ ತಿಳಿದದ್ದು ದಾದರ್ ಸ್ಟೇಶನ್ನಿನಲ್ಲಿ, ಅಕಸ್ಮಾತ್ ಸಿಕ್ಕ ನಮ್ಮೂರಿನ ಹಿರಿಯರೊಬ್ಬರಿಂದ. “ನಿನಗ ಗೊತ್ತಿಲ್ಲೇನು? ದಿನಾ, ತಿಥಿ ಎಲ್ಲಾ ಮುಗುದುವಲ್ಲೋ,” ಎಂದರು. ಸುಟ್ಟದ್ದೂ ಅಲ್ಲೇ ಎಲ್ಲೋ ಬೆಟ್ಟದ ಮೇಲಂತೆ. ಕೈಚೀಲ ಹೆಗಲಿಗೇರಿಸಿ, “ಭಾಯಖಳಾಕ ಯಾವ ಗಾಡಿ ಹೋಗತೈತಿ?” ಎಂದು ಕೇಳಿದರು. ನಾನು ಅವರನ್ನು ಗಾಡಿ ಹತ್ತಿಸಿದೆ. ಆಮೇಲೆ ಪ್ಲಾಟ್‌ಫಾರ್ಮಿನ ಮೇಲೆ ನಿಂತುಕೊಂಡೆ. ಜನ ಬಂದರು, ಹೋದರು. ಹೋಗಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವನು ಸತ್ತ ಎನ್ನಬೇಕಾದರೆ ಮೊದಲು ಅಂಥವನೊಬ್ಬ ಇದ್ದ ಎಂದು ಹೇಳಬೇಕಿತ್ತು. ಮರುದಿನ ಆಫೀಸಿನಲ್ಲಿ ಯಾಕೆ ಮುಖ ಹಾಗಿದೆ ಎಂದು ಕೇಳಿದವರಿಗೆ ತಲೆನೋವು ಎಂದೆ.

ವರ್ಷಗಳು ಹೋದವು. ಐವತ್ತರ ದಶಕ ಅರ್ಧ ದಾಟಿದ ಮೇಲೆ ಅವನ ತಮ್ಮ ಕೆಲಸ ಹುಡುಕಿಕೊಂಡು ಮುಂಬೈಗೆ ಬಂದ. ಅವನ ತಾಯಿ ನನ್ನ ಖೋಲಿಯ ವಿಳಾಸ ಕೊಟ್ಟು ಕಳಿಸಿದ್ದರು. ಅಣ್ಣ ಪಲ್ಟನ್ ಸೇರಿದಾಗ ಈ ಹುಡುಗ ಇನ್ನೂ ಚಡ್ಡಿಯಲ್ಲಿ ಓಣಿ ತುಂಬ ಓಡುತ್ತಿದ್ದ. ಈಗ ಬಾಗಿಲ ಹೊರಗೆ ನಿಂತು, “ಒಳಗ ಅದೀರೇನ್ರಿ?” ಎಂದ.

ಸ್ಟೋವಿನ ಮುಂದೆ ಕುಳಿತಿದ್ದ ನನಗೆ ಏಳಲು ಆಗಲಿಲ್ಲ. ದನಿ ಸತ್ತ ಗೆಳೆಯನದೇ.

ಹುಡುಗನಿಗೆ ಕುರ್ಲಾದಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಇರುವುದು ನನ್ನ ಜೊತೆ. ನನಗೋ ಒಂದೇ ಆಸೆ. ಅವನ ಬಾಯಿಂದ ಒಂದು ಸಲ ‘ಲೇ’ ಅನ್ನಿಸಿಕೊಳ್ಳಬೇಕು. ಆದರೆ ಆಸಾಮಿ ವಿನಯದ ಮೂಟೆ. ಸಿಟ್ಟು ಬಂದರಾದರೂ ಬಾಯಿ ಜಾರೀತೆಂದು ಅವನ ಚಪ್ಪಲಿ ಬಚ್ಚಿಟ್ಟೆ. ಬರಿಗಾಲಲ್ಲಿ ಕೆಲಸಕ್ಕೆ ಹೋದ. ಚಹಾಕ್ಕೆ ಉಪ್ಪು ಹಾಕಿದೆ. ಪೂರ್ತಿ ಕುಡಿದು, “ಇರ್ಲಿ ಬಿಡ್ರಿ, ನೀವು ಬೇಕಂತ ಮಾಡಿದ್ದಲ್ಲ,” ಎಂದ. ಇಂಥವನನ್ನು ಏನು ಮಾಡುವುದು? ಒಂದು ಸಂಜೆ ಗ್ಯಾಲರಿಯಿಂದ, “ಲೇ ಮಂಗ್ಯಾ, ಮ್ಯಾಲ ಬಾರಲೇ,” ಎಂಬ ಕೂಗು ಕೇಳಿತು. ಕೈಯಲ್ಲಿದ್ದ ಲಟ್ಟಣಿಗೆ ಬಿಟ್ಟು ಹೊರಗೆ ಓಡಿದೆ. ಅವನು ಕಟಾಂಜನಕ್ಕೆ ಒರಗಿ ಕೆಳಗಿದ್ದ ತನ್ನ ಜೊತೆಗಾರನನ್ನು ಕರೆಯುತ್ತಿದ್ದ. ನನ್ನನ್ನು ಕಂಡು ನೆಟ್ಟಗೆ ನಿಂತು, “ಏನರ ಬೇಕಾಗಿತ್ತೇನ್ರಿ?” ಎಂದ.

ಕೊನೆಗೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಭಾನುವಾರ, ಸ್ಟೇಶನ್ನಿನ ಸೇತುವೆಯ ಮೇಲೆ ನಿಂತಿದ್ದೆವು. “ನನಗ ಒಮ್ಮೆ ಲೇ ಅನ್ನಪಾ,” ಎಂದೆ. ಅವನು ಕೆಂಪಾದ.

“ಹೆಂಗ ಅನ್ನೂದ್ರಿ? ನೀವು ದೊಡ್ಡಾವ್ರು.”

“ನಿಮ್ಮ ಅಣ್ಣ ಅಂತಿದ್ದ.”

ಅವನು ಕೆಳಗೆ ಹೋಗುತ್ತಿದ್ದ ಲೋಕಲ್ಲನ್ನೇ ನೋಡುತ್ತ ನಿಂತ. ಆಮೇಲೆ, “ನಂಗ ಅಣ್ಣನ ದನಿ ನೆನಪಿಲ್ರಿ,” ಎಂದ. “ಮಾರಿ ಫೋಟೋದಾಗ ಐತಿ. ದನಿ ಎಲ್ಲೂ ಇಲ್ಲ. ಅವ್ವನ್ನ ಕೇಳಿದ್ರ ಅಳತಾಳ. ಹೆಂಗಿತ್ರಿ? ನಿಮ್ಮನ್ನ ಕೇಳಬೇಕಂತ ಬಂದಾಗಿಂದ ಅನಕೋಳಾಕತ್ತೀನಿ.”

ಇಷ್ಟು ದಿನ ನಾನು ಅವನ ಬಾಯಿ ಕಾಯುತ್ತಿದ್ದೆ, ಅವನು ನನ್ನ ಬಾಯಿ ಕಾಯುತ್ತಿದ್ದ. ಕಣ್ಣು ಮುಚ್ಚಿ ಗೆಳೆಯನ ದನಿ ನೆನೆದೆ. ಬಂದದ್ದು ಗ್ಯಾಲರಿಯಿಂದ ಕೂಗಿದ ಈ ಹುಡುಗನ ದನಿ. ಮತ್ತೆ ಪ್ರಯತ್ನಪಟ್ಟೆ. ಮತ್ತೆ ಅದೇ. ಅಣ್ಣನದು ಇದರ ಹಾಗೆಯೇ ಇತ್ತೋ, ಅಥವಾ ದಿನವೂ ಇದನ್ನೇ ಕೇಳಿ ಕೇಳಿ ಅದು ನನ್ನಲ್ಲಿ ಅಳಿಸಿಹೋಗಿತ್ತೋ, ನನಗೆ ತಿಳಿಯಲಿಲ್ಲ. ದಾದರಿನಲ್ಲಿ ಆ ದಿನ ನಿಂತಾಗಲೂ ಅವನು ಅಷ್ಟು ದೂರ ಹೋಗಿದ್ದಾನೆ ಅನ್ನಿಸಿರಲಿಲ್ಲ.

“ಥೇಟ್ ನಿನ್ನ ದನೀನ,” ಎಂದೆ. ಮನೆ ಸೇರುವ ತನಕ ಅವನ ಮುಖ ಅರಳಿಕೊಂಡೇ ಇತ್ತು.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ನಲ್ಲಿಯಿಂದ ನೀರು ತುಂಬಿಕೊಂಡು ಬರುತ್ತಿದ್ದೆ. ಖೋಲಿಯ ಬಾಗಿಲು ಅರೆ ಮುಚ್ಚಿತ್ತು. ಒಳಗೆ ಅವನು ‘ಲೇ’ ಎಂದ. ನಾನು ಹೊರಗೇ ನಿಂತೆ. ಅವನು ಮತ್ತೊಮ್ಮೆ, ಇನ್ನಷ್ಟು ಗಟ್ಟಿಯಾಗಿ, ‘ಲೇ’ ಎಂದು ತನ್ನ ಹೆಸರನ್ನೇ ಕರೆದ. ಸ್ವಲ್ಪ ತಡೆದು, ಚಿಕ್ಕ ಹುಡುಗನ ಹಾಗೆ ಸಣ್ಣಗೆ, ‘ಓ, ಬಂದೆ ಅಣ್ಣಾ’ ಎಂದ.