ತಿದಿ ನಿಲ್ಲಿಸದ ದಿನ

ನಮ್ಮಣ್ಣನ ಎಡಗಿವಿಯ ಸಂದಿಯಲ್ಲಿ ಯಾವಾಗಲೂ ಒಂದು ತುಂಡು ಸೀಮೆಸುಣ್ಣ ಇರುತ್ತಿತ್ತು. ಕಬ್ಬಿಣವನ್ನು ಎಲ್ಲಿ ಕೊಯ್ಯಬೇಕೋ ಅಲ್ಲಿ ಗೆರೆ ಎಳೆಯಲಿಕ್ಕೆ. ಬೆವರಿಗೆ ಅದು ನೆನೆದು ಕಿವಿಯ ಹಿಂದಿನಿಂದ ಕುತ್ತಿಗೆಯವರೆಗೆ ಬಿಳಿ ಇಳಿದು ಒಣಗಿರುತ್ತಿತ್ತು. "ಈ ಕಿವಿಗೆ ಈಗ ಇದೊಂದ ಕೆಲಸ ಉಳದೈತಿ" ಎಂದು ನಗುತ್ತಿದ್ದ. ನನ್ನ ಮುಂದೆ ಮಾತ್ರ ಹಾಗೆ ನಗುತ್ತಿದ್ದ. ಅವನಿಗೆ ಕಿವಿ ಕೇಳುವುದಿಲ್ಲ ಎಂಬುದು ಊರಲ್ಲಿ ನಮ್ಮಿಬ್ಬರಿಗೇ ಗೊತ್ತಿದ್ದ ಮಾತು.

ನಮ್ಮದು ಮನಗೂಳಿಯಲ್ಲಿ ಕಂಬಾರರ ಮನೆ. ಅಪ್ಪನ ಕಾಲದಲ್ಲಿ ಕುಡುಗೋಲು, ಕುಂಟೆ, ಗಾಡಿಯ ಹಳಿ ಇಷ್ಟೇ ಕೆಲಸ. ಅಣ್ಣ ಸೊಲ್ಲಾಪುರದಲ್ಲಿ ಮೂರು ವರ್ಷ ಇದ್ದು ಗ್ಯಾಸ್ ವೆಲ್ಡಿಂಗ್ ಕಲಿತು ಬಂದ. ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪುಗಳು ಆಗ ನಮ್ಮ ಕಡೆಗೂ ಬರತೊಡಗಿದ್ದವು. ಎರೆ ಹೊಲದ ಕೆಸರಿನಲ್ಲಿ, ಹಳ್ಳದ ಕಲ್ಲಿನಲ್ಲಿ ಓಡಿ ಅವುಗಳ ಗಾಲಿಯ ಅಚ್ಚುಗಳು ಮುರಿಯುತ್ತಿದ್ದವು. ಸಿಂದಗಿ, ಇಂಡಿ ಕಡೆಯಿಂದಲೂ ಜನ ಆ ಜೀಪುಗಳನ್ನು ಎತ್ತು ಕಟ್ಟಿ ಎಳೆಸಿಕೊಂಡು ನಮ್ಮ ಅಂಗಳಕ್ಕೆ ತರುತ್ತಿದ್ದರು. ಮನೆಯ ಮುಂದೆ ಒಂದು ಬೇವಿನ ಮರ, ಅದರ ಕೆಳಗೆ ನಾಲ್ಕು ಮರದ ದಿಮ್ಮಿ. ಅದೇ ಅವನ ಕಾರಖಾನೆ.

ಅಣ್ಣನ ಪದ್ಧತಿ ಒಂದಿತ್ತು. ಯಾವ ಅಚ್ಚನ್ನೂ ಬಡಿದು ಕೇಳದೆ ಹಾಕುತ್ತಿರಲಿಲ್ಲ. ಬೇವಿನ ಕೊಂಬೆಗೆ ಹಗ್ಗದಿಂದ ಅಚ್ಚನ್ನು ತೂಗುಹಾಕಿ ಸಣ್ಣ ಸುತ್ತಿಗೆಯಿಂದ ಒಂದು ಏಟು ಹಾಕಿ ತಲೆ ಬಾಗಿಸಿ ನಿಲ್ಲುತ್ತಿದ್ದ. ಒಳಗೆ ಬಿರುಕಿಲ್ಲದಿದ್ದರೆ ನಾದ ಉದ್ದಕ್ಕೆ ಹೋಗುತ್ತದೆ. ಬಿರುಕಿದ್ದರೆ ಒಡೆದ ಗಡಿಗೆಯ ಹಾಗೆ ನಡುವೆಯೇ ಸಾಯುತ್ತದೆ. ಇವನು ಕೇಳಿ ಒಪ್ಪಿದ ಅಚ್ಚು ಮುರಿದದ್ದಿಲ್ಲ ಎಂದು ಜನ ಹೇಳುತ್ತಿದ್ದರು.

ಕೇಳುತ್ತಿದ್ದವಳು ನಾನು. ಎಳೆಯ ವಯಸ್ಸಿನಿಂದ ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಕೂತು ಆ ಸದ್ದಿಗೇ ಅವನ ಕಿವಿ ಹೋಗಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿಯುತ್ತಿದ್ದ. ಕಬ್ಬಿಣಕ್ಕೆ ತುಟಿ ಇಲ್ಲವಲ್ಲ. ಅವನು ಅಚ್ಚು ಬಡಿಯುವಾಗ ನಾನು ಕುಲುಮೆಗೆ ಗಾಳಿ ಊದುವ ತಿದಿ ಒತ್ತುತ್ತಾ ಕೂತಿರುತ್ತಿದ್ದೆ. ನಾದ ಚೊಕ್ಕ ಇದ್ದರೆ ಒತ್ತುತ್ತಲೇ ಇರಬೇಕು, ಕೆಟ್ಟಿದ್ದರೆ ನಿಲ್ಲಿಸಬೇಕು. ಕುಲುಮೆಯ ಬೆಂಕಿ ಇಳಿದದ್ದನ್ನು ಓರೆಗಣ್ಣಲ್ಲಿ ನೋಡಿ ಅವನು "ಇದು ಬ್ಯಾಡ್ರಿ, ಬ್ಯಾರೆ ತರ್ರಿ" ಅನ್ನುತ್ತಿದ್ದ. ನಾನು ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು. ನನ್ನಲ್ಲಿ ಇದ್ದ ವಿದ್ಯೆ ಅದೊಂದೇ.

ನನ್ನನ್ನು ನಾಲತವಾಡಕ್ಕೆ ಕೊಟ್ಟಿದ್ದರು. ಅತ್ತೆಗೂ ನನಗೂ ಜಗಳವಾಗಿ ಒಂದೂವರೆ ವರ್ಷ ಅಣ್ಣನ ಮನೆಯಲ್ಲೇ ಉಳಿದಿದ್ದೆ. ನನ್ನ ಕೈಯಲ್ಲಿ ತಿದಿ ಒತ್ತಿ ಒತ್ತಿ ಗಟ್ಟಿಯಾದ ಗಂಟುಗಳಿದ್ದವು. ಅತ್ತೆ ಅವನ್ನು ನೆರೆಮನೆಯವರಿಗೆ ತೋರಿಸಿ, "ನೋಡ್ರೆವಾ, ಇಂಥಾ ಕೈ ತಗೊಂಡು ಬಂದಾಳ. ತವರಮನಿಯಿಂದ ಒಂದು ಕಮಾನಿನ ಗಾಡಿನೂ ಇಲ್ಲ, ನಡಕೋತ ಬಂದಾಳ" ಎಂದಿದ್ದಳು. ಇದನ್ನು ನಾನು ಅಣ್ಣನಿಗೆ ಹೇಳಬಾರದಿತ್ತು. ಹೇಳಿದೆ. ಅವನು ಮದುವೆಯಾಗಿರಲಿಲ್ಲ. ನಾನು ಹೋದರೆ ಅಚ್ಚಿನ ನಾದ ಕೇಳುವವರು ಯಾರೂ ಇರಲಿಲ್ಲ. ಆದರೂ ಗಂಡನ ಕಡೆಯಿಂದ ಕರೆ ಬಂದಾಗ, "ಹೋಗವಾ, ನಾ ಹೆಂಗರ ಮಾಡ್ತೇನಿ" ಎಂದ.

ಬಾಗೇವಾಡಿಯ ಡಾಕ್ಟರ ಜೀಪು ಆಗಲೇ ನಮ್ಮ ಅಂಗಳದಲ್ಲಿ ದಿಮ್ಮಿಗಳ ಮೇಲೆ ನಿಂತಿತ್ತು. ಹಳ್ಳಿಗಳಿಗೆ ಹೋಗಿ ಬರುವ ಡಾಕ್ಟರು ಅವರು. ಹಿಂದಿನ ಗಾಲಿಗಳ ಅಚ್ಚುಗಳು ಕೂರುವ ಕಬ್ಬಿಣದ ಕವಚವೇ ಸೀಳಿತ್ತು. ಸೊಲ್ಲಾಪುರದ ಗುಜರಿಯಿಂದ ಬೇರೊಂದು ಮಿಲಿಟರಿ ಗಾಡಿಯ ದಪ್ಪ ಕವಚ ತಂದು ಇದಕ್ಕೆ ಕೂಡಿಸುವುದೆಂದು ಅಣ್ಣ ಒಪ್ಪಿಕೊಂಡಿದ್ದ. ಅದು ಸುಮ್ಮನೆ ಕೂಡುವಂಥದಲ್ಲ. ಜೀಪಿನ ಭಾರ ಹೊರುವ ಕಮಾನುಪಟ್ಟಿ ಕೂರುವ ಜಾಗಗಳು ಸರಿ ಬರಲಿಲ್ಲ. ಅವನ್ನು ಕೊಯ್ದು ತೆಗೆದು ಕುಲುಮೆಯಲ್ಲಿ ಹೊಸವು ಬಡಿದು, ಗ್ಯಾಸಿನಿಂದ ಬೆಸೆದ. ಆ ಗ್ಯಾಸು ಎಬ್ಬಿಸುವ ಕಾರ್ಬೈಡಿನ ವಾಸನೆ ನಮ್ಮ ರೊಟ್ಟಿಗೂ ಹತ್ತಿತು. ಕವಚ ಸೊಟ್ಟಗಾಗಬಾರದೆಂದು ಈ ತುದಿಯಿಂದ ಆ ತುದಿಗೆ ನೂಲು ಹಿಡಿದು ನೋಡುತ್ತಿದ್ದ. ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಒಂದು ಎಳೆಯಷ್ಟು ತಪ್ಪಿದರೂ ಮತ್ತೆ ಕೊಯ್ಯುತ್ತಿದ್ದ.

ಎಲ್ಲ ಮುಗಿದರೂ ಕವಚದೊಳಗಿನ ಎಡಗಡೆಯ ಅಚ್ಚು ಮಾತ್ರ ಸಿಗಲಿಲ್ಲ. ಸೊಲ್ಲಾಪುರಕ್ಕೆ ಎರಡು ಸಲ ಹೋಗಿ ಎರಡು ತಂದ. ಎರಡಕ್ಕೂ ನಾನು ತಿದಿ ನಿಲ್ಲಿಸಿದೆ. ಮೂರನೆಯದನ್ನು ತಂದ ದಿನ ಡಾಕ್ಟರು ಬಂದು ಹೊರಸಿನ ಮೇಲೆ ಕೂತಿದ್ದರು. ಈ ಕೆಲಸಕ್ಕೆ ಅಣ್ಣ ಅವರಲ್ಲಿ ಒಂದೇ ಉಪಕಾರ ಬೇಡಿದ್ದ. ಜೀಪು ಎದ್ದ ದಿನ ನನ್ನನ್ನು ಅದರಲ್ಲಿ ಕೂರಿಸಿ ನಾಲತವಾಡಕ್ಕೆ, ಅತ್ತೆಯ ಬಾಗಿಲಿಗೇ ಬಿಡಬೇಕು. ಡಾಕ್ಟರು ನಕ್ಕು ಒಪ್ಪಿದ್ದರು.

ಅಣ್ಣ ಬಡಿದ. ನಾದ ಚೆನ್ನಾಗಿಯೇ ಎದ್ದಿತು. ಕೊನೆಗೆ ಹೋಗುವ ಮೊದಲು ಚರ್ ಎಂದು ನಿಂತಿತು. ನನಗೆ ಕೇಳಿಸಿತು. ಅನುಮಾನವಿರಲಿಲ್ಲ. ನಿಲ್ಲಿಸಿದರೆ ಮತ್ತೆ ಸೊಲ್ಲಾಪುರ, ಮತ್ತೆ ಎಷ್ಟು ದಿನವೋ. ಗಂಡನ ಮನೆಯವರು ಹೇಳಿದ ದಿನ ಹತ್ತಿರ ಬಂದಿತ್ತು. ಟ್ರಂಕು ಕಟ್ಟಿಟ್ಟಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಜೀಪನ್ನು ನೋಡುವುದು ನನ್ನ ಕಣ್ಣ ಮುಂದೆ ಬಂದಿತ್ತು. ಅಣ್ಣ ಇನ್ನೊಂದು ಸಲ ಬಡಿದು ಬೆಂಕಿಯ ಕಡೆ ನೋಡಿದ. ನನ್ನ ಕೈ ತಿದಿ ಒತ್ತುತ್ತಲೇ ಇತ್ತು.

"ಛಲೋ ಐತ್ರಿ ಸಾಹೇಬ್ರ" ಎಂದ.

ಮೂರನೆಯ ದಿನ ನಾನು ಜೀಪಿನಲ್ಲಿ ಹೋದೆ. ಡಾಕ್ಟರು ನಡೆಸುತ್ತಿದ್ದರು. ಹೊಸ ಅಚ್ಚು ಹೇಗೆ ಓಡುತ್ತದೆ ನೋಡಲು ಅಣ್ಣನೂ ಬಂದಿದ್ದ. ಅತ್ತೆ ಹೊರಗೆ ಬಂದಳು, ಓಣಿಯೂ ಬಂದಿತು. ನಾನು ಬೇಕೆಂದೇ ನಿಧಾನವಾಗಿ ಇಳಿದೆ. ಅಣ್ಣ ಟ್ರಂಕು ಇಳಿಸಿ ಅತ್ತೆಗೆ ಕೈಮುಗಿದು, "ನಮ್ಮ ತಂಗಿ ಗಾಡ್ಯಾಗ ಬಂದಾಳ್ರಿ" ಎಂದಷ್ಟೇ ಹೇಳಿದ.

ಅವರಿಬ್ಬರೂ ತಿರುಗಿ ಹೋಗುವಾಗ ಮುದ್ದೇಬಿಹಾಳದ ಈಚೆ ಒಂದು ಹಳ್ಳದ ಏರಿನಲ್ಲಿ ಅಚ್ಚು ಮುರಿಯಿತು. ಆ ಜೀಪಿನ ಕೈಬ್ರೇಕು ಗಾಲಿಯನ್ನು ಹಿಡಿಯುವುದಲ್ಲ, ಅಚ್ಚನ್ನು ತಿರುಗಿಸುವ ನಡುವಿನ ದಂಡವನ್ನು ಹಿಡಿಯುವಂಥದು. ಅಚ್ಚು ಮುರಿದ ಮೇಲೆ ಅದನ್ನು ಎಳೆದರೂ ಪ್ರಯೋಜನವಿಲ್ಲ. ಇದು ತಿಳಿಯದೆ ಡಾಕ್ಟರು ಅದನ್ನು ಎಳೆದು ಕೆಳಗಿಳಿದರು. ಅಣ್ಣ ಗಾಲಿಯ ಹಿಂದೆ ಕಲ್ಲು ಕೊಡಲು ಬಗ್ಗಿದ್ದ. ಜೀಪು ಹಿಂದಕ್ಕೆ ಹೊರಳಿತು. ಅಣ್ಣನ ಬಲಗೈಯ ಮೂರು ಬೆರಳು ಹೋದವು.

ಸುದ್ದಿ ತಿಳಿದು ನಾನು ಮನಗೂಳಿಗೆ ಬಂದಾಗ, ನೋಡಲು ಬಂದವರಿಗೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ. "ನನಗ ಕಿವಿ ಕೇಳೂದಿಲ್ರಿ. ಭಾಳ ವರ್ಷ ಆತು. ಮುಚ್ಚಿಟ್ಟಿದ್ದೆ." ಡಾಕ್ಟರಿಗೂ ಹಾಗೇ ಹೇಳಿದ್ದ. ತಿದಿಯ ಮಾತು ಯಾರ ಮುಂದೆಯೂ ಎತ್ತಲಿಲ್ಲ.

ಮುರಿದ ಅಚ್ಚಿನ ಉದ್ದನೆಯ ತುಂಡನ್ನು ಗೋಣಿಯಲ್ಲಿ ಸುತ್ತಿ ತಂದಿದ್ದರು. ನಾನು ಬಿಚ್ಚಿ ನೋಡಿದೆ. ಮುರಿದ ಮುಖದ ಅರ್ಧ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಇನ್ನರ್ಧ ಹಳೆಯ ತುಕ್ಕಿನಿಂದ ಕಪ್ಪಗಿತ್ತು. ಅಷ್ಟು ಹಳೆಯ ಬಿರುಕು ಕಿವಿ ಇದ್ದವರಿಗೆ ಕೇಳದೆ ಇರುವುದಿಲ್ಲ. ಕಂಬಾರರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಅವನೂ ಹಳ್ಳದಲ್ಲೇ ಅದನ್ನು ನೋಡಿರಬೇಕು.

ಗಾಯ ಮಾಯುವ ಮೊದಲೇ ಅವನು ಆ ತುಂಡನ್ನು ಕಾಲಲ್ಲಿ ಒತ್ತಿ ಹಿಡಿದು, ಎಡಗೈಯಲ್ಲಿ ಅರ ಹಿಡಿದು ಮುರಿದ ಮುಖವನ್ನು ಉಜ್ಜತೊಡಗಿದ. ನಾಲ್ಕು ದಿನ ಉಜ್ಜಿದ. ಯಾಕೆ ಎಂದು ಕೇಳಿದೆ. ಸಾಲಿಯವರು ಗಂಟೆಗೆಂದು ಒಂದು ಕಬ್ಬಿಣದ ತುಂಡು ಕೇಳಿದ್ದಾರೆ, ಹುಡುಗರ ಕೈ ಕೊಯ್ದೀತು ಎಂದ. ಆಮೇಲೆ ತಾನೇ ನಿಂತು ಅದನ್ನು ಸಾಲಿಯ ಮುಂದೆ ಯಾವ ಹುಡುಗನ ಕೈಗೂ ಎಟುಕದಷ್ಟು ಎತ್ತರದಲ್ಲಿ ಕಟ್ಟಿಸಿದ.

ಅವನು ಉಜ್ಜುತ್ತಿದ್ದಾಗ ಒಂದು ಮಧ್ಯಾಹ್ನ ಎದುರಿಗೆ ಹೋಗಿ ಕೂತು, "ಅಣ್ಣಾ, ಅವತ್ತ ನನಗ" ಎಂದೆ. ಅವನು ನನ್ನ ತುಟಿ ನೋಡುವುದನ್ನು ಬಿಟ್ಟು ಅರದ ಕಡೆ ಮುಖ ತಿರುಗಿಸಿದ.

"ತಿದಿ ಒತ್ತು ತಂಗಿ. ಕುಡುಗೋಲು ಕಾಯಬೇಕು."

ಒತ್ತಿದೆ. ಮುಂದೆ ಅವನು ಬದುಕಿದ್ದಷ್ಟು ದಿನ ನಾನು ಆ ಮಾತು ತೆಗೆಯಲಿಲ್ಲ.

ಸಿಂದಗಿ, ಇಂಡಿಯವರು ಬರುವುದು ನಿಂತಿತು. ಎಡಗೈಯಲ್ಲಿ ಬಡಿಯುವುದನ್ನು ಕಲಿತು ಕುಡುಗೋಲು ಹಣಿಯುತ್ತಾ ಅವನು ವಯಸ್ಸು ಕಳೆದ. ಸೀಮೆಸುಣ್ಣ ಮಾತ್ರ ಕಿವಿಯಲ್ಲಿ ಇದ್ದೇ ಇರುತ್ತಿತ್ತು. ತೀರಿಕೊಂಡ ದಿನ ಮೈ ತೊಳೆಯುವಾಗ ಕಿವಿಯ ಹಿಂದಿನ ಬಿಳಿಯನ್ನು ನಾನೇ ಒರೆಸಿದೆ.

ಸಾಲಿಗೆ ಈಗ ಕರೆಂಟಿನ ಗಂಟೆ ಬಂದಿದೆ. ಹಳೆಯ ತುಂಡನ್ನು ಕೇಳಿ ಮನೆಗೆ ತಂದುಕೊಂಡಿದ್ದೇನೆ. ಅದರ ಮುಖ ಅಂಗೈಯಷ್ಟು ನುಣ್ಣಗಿದೆ, ಬೆರಳಾಡಿಸಿದರೆ ಏನೂ ತಿಳಿಯುವುದಿಲ್ಲ. ಆ ಕಿವುಡ ಮಿಸ್ತ್ರಿಗೆ ಜೀಪು ಕೊಟ್ಟು ಡಾಕ್ಟರು ಸಾಯುವುದರಲ್ಲಿದ್ದರು ಎಂದು ಊರಿನ ಹಿರಿಯರು ಇವತ್ತಿಗೂ ಹೇಳುತ್ತಾರೆ. ಕಿವುಡಿನಿಂದ ಆದದ್ದು ಎಂಬುದು ಸುಳ್ಳು. ಆ ದಿನ ಬೇವಿನ ಮರದ ಕೆಳಗೆ ಚೆನ್ನಾಗಿ ಕೇಳುವ ಎರಡು ಕಿವಿಗಳಿದ್ದವು. ಅವು ನನ್ನವು.